ಗೂಟಗಳ ದನಿ

ಜೂನ್ ಮೊದಲ ವಾರ. ತ್ರಿಗ್ಲಾವ್‌ನ ಬಡಗು ಗೋಡೆಗೆ
ಹಿಮ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ.
ಸುತ್ತಿಗೆ ಹಿಡಿದು ಯೆರ್ತ್ಸಾ ಮುಂದೆ,
ಬಣ್ಣದ ಡಬ್ಬಿ ಹೊತ್ತು ನಾನು ಹಿಂದೆ.

ಒಂದೊಂದು ಕಬ್ಬಿಣದ ಗೂಟಕ್ಕೂ ಬಡಿದು
ಮಡಕೆ ಕೊಳ್ಳುವವಳ ಹಾಗೆ ಕಿವಿಗೊಡುತ್ತಾಳೆ.
ಟಣ್ ಅಂದರೆ ಕಾಲಿಡು.
ದೊಬ್ ಅಂದರೆ ಕೆಂಪು ಬಳಿ.

ಎಡಕ್ಕೆ ಬಂಡೆ. ಬಲಕ್ಕೆ ಏನೂ ಇಲ್ಲ.
ಏನೂ ಇಲ್ಲದ್ದು ಎಷ್ಟೊಂದು ಇದೆ!
ಅದರ ತಳದಲ್ಲೆಲ್ಲೋ ವ್ರಾತಾ ಕಣಿವೆ, ಹಸಿರು ಚಿಂದಿ,
ಹೊಳೆ ತನ್ನ ಸದ್ದು ಬಿಟ್ಟು
ಬರೀ ಬೆಳ್ಳಗೆ ಹರಿಯುತ್ತಿದೆ.

ನಲವತ್ತೊಂದನೆಯ ಗೂಟದಲ್ಲಿ
ನನ್ನ ಕಾಲು ನನ್ನದಲ್ಲದಾಯಿತು.
"ಕೈ ಕೊಡು," ಅಂದೆ.
"ಕೈ ಕೈಕೊಡುತ್ತೆ. ಗೂಟ ಹಿಡಿ,"
ಅಂದಳು, ತಿರುಗದೆ.
ಹಿಡಿದೆ. ತಣ್ಣಗಿತ್ತು, ಒರಟಾಗಿತ್ತು,
ಇಪ್ಪತ್ತೆಂಟು ಬೇಸಿಗೆ ಹಿಂದೆ
ಅವಳೇ ಬಡಿದು ಕೂರಿಸಿದ್ದಂತೆ.

ಮೇಲಿನ ಚಾಚಿನಲ್ಲಿ ಕೂತು, ಬ್ರೆಡ್ಡು ಮುರಿದು
ನನಗೆ ದೊಡ್ಡ ಚೂರು ಕೊಟ್ಟಳು. ಆಮೇಲೆ
ಅರವತ್ಮೂರರ ತನ್ನ ಮಂಡಿಗೆ
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ
ಕಿವಿಗೊಟ್ಟಳು.

ಏನು ಕೇಳಿಸಿತೋ.
ಬಣ್ಣದ ಡಬ್ಬಿಯ ಮುಚ್ಚಳವನ್ನು ನಾನು
ಬಿಗಿಯಾಗಿ ಒತ್ತಿದೆ.