ಕುಣ್ಯಾಗಿನ ಬಾಣಂತಿ

ನಮ್ಮ ಬೆಟಗೇರಿ ಓಣ್ಯಾಗ ನಳ ಬರೋದು ಎಂಟು ದಿನಕ್ಕೊಮ್ಮೆ,
ಬೆಕ್ಕು ಮಾತ್ರ ದಿನಾ ಐದಕ್ಕ ಸರಿಯಾಗಿ
ನನ್ನ ಎದಿ ಮ್ಯಾಲೆ ಬಂದು ಕೂಡತೈತಿ.
ಚಾಳೀಸ ಅಂತ ಅದರ ಹೆಸರು:
ಬಿಳಿ ಮಾರಿ, ಕಣ್ಣಿನ ಸುತ್ತ ಎರಡು ಕರೀ ಬಳಿ.
ಮುಂಗಾಲಿಂದ ನನ್ನ ಗದ್ದ ತಟ್ಟತೈತಿ, ಒಮ್ಮೆ, ಮತ್ತೊಮ್ಮೆ.
ಮೂರನೇದಕ್ಕ ಉಗುರು. ಅದಕ್ಕಽ ಎರಡನೇದಕ್ಕ ಏಳತೀನಿ.

ಅರ್ಧ ಲೀಟರಿನ ಪಾಕೀಟು. ಅದರಾಗ
ಚಹಾಕ್ಕ ಎಷ್ಟು, ತಾಟಿಗೆ ಎಷ್ಟು ಅನ್ನೋ ಲೆಕ್ಕ
ನನಗಿಂತ ಅವುಕ್ಕಽ ಚಲೋ ಗೊತ್ತು.
ನಿನ್ನಿ ರೊಟ್ಟಿ ಮುರದು, ಹಾಲಿನ್ಯಾಗ ನೆನಿಸಿ ನಾಕು ಪಾಲು;
ಕರೆವ್ವ ತನ್ನದು ಬಿಟ್ಟು ಮೊದಲು ಮಂದೀದು ತಿಂತಾಳ.
ಮೊಲಕ್ಕ ಮೂಲಂಗಿ ತಪ್ಪಲ,
ಸಂತಿ ಮುಗದ ಮ್ಯಾಲೆ ಫಕೀರವ್ವ ಜಾಡಿಸಿ ಕೊಟ್ಟ ಹತ್ತರಕಿ.
ರೆಕ್ಕಿ ಮುರದ ಪಾರಿವಾಳಕ್ಕ ಜ್ವಾಳದ ನುಚ್ಚು,
ಅದರ ಮ್ಯಾಲೆ ಬೋರಲ ಬುಟ್ಟಿ, ಬುಟ್ಟಿ ಮ್ಯಾಲೆ ರುಬ್ಬೂ ಗುಂಡು.
ಇಷ್ಟು ಮಂದಿ ಒಂದಽ ಮನ್ಯಾಗ ಇರಬೇಕಂದ್ರ
ಪ್ರೀತಿ ಸಾಲೂದಿಲ್ಲ, ಗುಂಡೂ ಬೇಕು.

ಬೆಕ್ಕು ಅಡ್ಡ ಬಂದ್ರ ನಿಲ್ಲಬೇಕಂತ.
ಹಂಗ ನಿಂತಿದ್ರ ನನ್ನ ಗಂಡ ಬನಪ್ಪ
ಒಂಬತ್ತು ವರ್ಷ ಹೊಸ್ತಿಲಽ ದಾಟತಿದ್ದಿಲ್ಲ.

ಶೀಗಿ ಹುಣ್ಣಿವಿ ಮರುದಿನ ಕರೆವ್ವ ಕಾಣಲಿಲ್ಲ.
ಅಟ್ಟ ನೋಡಿದೆ, ಚೀಲದ ಹಿಂದ ನೋಡಿದೆ,
ಎದರ ಮನಿ ಮಾಳಿಗಿ ಹತ್ತಿ ಬೈಸಿಕೊಂಡು ಬಂದೆ.
ಬನಪ್ಪ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟಾಂವ
ಹಾಂವು ತುಳದವರಂಗ ಎಳಕೊಂಡ.
ಪಾವಡಿ ಕೆಳಗ, ಹರಕ ನೂಲಿನ ಗುಡ್ಡಿ ಮ್ಯಾಲೆ ಬಾಣಂತಿ,
ಹೊಟ್ಟಿಗೆ ಅಂಟಿದ ನಾಕು ತೊಯ್ದ ಕಂಡಿಕಿ.

ಮಗ್ಗದ ಮ್ಯಾಲೆ ಅರ್ಧ ಸೀರಿ. ದೀಪಾವಳಿ ಹದಿನೈದು ದಿನ.
ಸಾವಕಾರನ ಫೋನು ಮುಂಜಾನೆ ಒಂದು, ಸಂಜಿಕ ಒಂದು.
"ಎತ್ತಿ ಡಬ್ಬ್ಯಾಗ ಹಾಕು" ಅಂದ.
"ಮುಟ್ಟಿದ್ರ ಏಳು ಮನಿ ತಿರಗಸತಾಳ" ಅಂದೆ.
ಆವಾಗ ಅತ್ತಿ ಬಂದಳು,
ದಿನಾ ಬೆಕ್ಕಿಗೆ ಕಸಬರಿಗಿ ಎತ್ತೋ ನಮ್ಮತ್ತಿ,
ಕುಣಿ ದಂಡಿಗೆ ಕುಂತು ಬಗ್ಗಿ ನೋಡಿದಳು.
"ನಿನ್ನ ಹಡದದ್ದು ಇಲ್ಲೇಽ, ಈ ಗ್ವಾಡಿ ಬದಿಗೆ.
ಹನ್ನೊಂದು ದಿನ ನಿಮ್ಮಪ್ಪ ಲಾಳಿ ಒಗಿಲಿಲ್ಲ,
ಸಪ್ಪಳಕ್ಕ ಕೂಸು ಬೆಚ್ಚತೈತಿ ಅಂತ."
ಎದ್ದು ಹೋಗಿ ಅಜಿವಾನದ ಹೊಗಿ ತಂದಳು.
ಕರೆವ್ವ ಸೀನಿದಳು.

ಹತ್ತನೇ ದಿನ ಮರಿ ಕಣ್ಣು ಬಿಟ್ಟವು.
ಹನ್ನೆರಡಕ್ಕ ಬನಪ್ಪ ಒಂದಽ ಕಾಲು ಇಳಿಸಿದ,
ನೀರು ಬೆಚ್ಚಗೈತೋ ಇಲ್ಲೋ ನೋಡೋರಂಗ.
ಒಂಟಿ ಕಾಲಿಲೆ ತುಳದ, ಅರ್ಧ ದಿನಕ್ಕ ಒಂದು ಗೇಣು.
ಸೆರಗಿನ ಹೊತ್ತಿಗೆ ಯಾವದೋ ಒಂದು
ಹೆಬ್ಬಟ್ಟು ಹಿಡದು ಜೋತಾಡಿತು;
ಹಣಗಿ ತಪ್ಪಿತು, ಹೊಕ್ಕು ಒಂದೆಳಿ ಸಡಿಲಾತು.

ಸಾವಕಾರ ಸೀರಿ ಬೆಳಕಿಗೆ ಹಿಡದು, ಇದೇನು ಅಂದ.
"ಉಗುರು ತಾಗೈತ್ರಿ" ಅಂದ ಬನಪ್ಪ. ಯಾರದು ಅಂತ ಹೇಳಲಿಲ್ಲ.
ನೂರು ರೂಪಾಯಿ ಮುರಕೊಂಡ.
ಯಾವ ಊರಾಗ ಯಾರು ಉಟ್ಟಾರೋ ಆ ಸೆರಗು,
ಅವರ ಮನ್ಯಾಗ ಇಲಿ ಇರಲಿಕ್ಕಿಲ್ಲ.

ಎರಡು ಮರಿ ಕೊಡೂಣು ಅಂತ ಮಾತಾಗಿತ್ತು.
ಕೇಳಾಕ ಬಂದವರಿಗೆ ಅತ್ತಿ ಬಾಗಲಾಗಽ ನಿಂತು,
"ಇನ್ನೂ ಹಸೂಳಿ, ಮುಂದಿನ ಅಮಾಸಿಗೆ ಬರ್ರಿ" ಅಂತಾಳ.
ಮೂರು ಅಮಾಸಿ ಹೋದವು.
ಕಸಬರಿಗಿ ಇನ್ನೂ ಎತ್ತತಾಳ, ಇಳಸೋದು ಮರತಾಳ.

ಈಗ ಪಾಕೀಟು ಒಂದು ಲೀಟರಿಂದು.
ಪಾರಿವಾಳದ ಬುಟ್ಟಿ ಮ್ಯಾಲೆ ಎರಡು ಗುಂಡು.