ಗರಗಸ ನೋಡಲು ಹೋದದ್ದು

ಫೋನಿನಲ್ಲಿ ನಾನೂರೈವತ್ತು ಅಂದಿದ್ದ.
ಗ್ಯಾರೇಜಿನ ಬಾಗಿಲು ಎತ್ತುತ್ತ ಮುನ್ನೂರು ಅಂದ.
ನಾನಿನ್ನೂ ಕೈಗವಸು ಕೂಡ ಕಳಚಿರಲಿಲ್ಲ.
ಕೇಳದೆ ಇಳಿದ ಬೆಲೆ
ಕರೆಯದೆ ಬಂದ ನೆಂಟನ ಹಾಗೆ:
ಒಳಗೆ ಕೂರಿಸಿ ಕಾಫಿ ಕೊಟ್ಟ ಮೇಲೂ
ಯಾಕೆ ಬಂದಿರಬಹುದೆಂದೇ ಯೋಚನೆ.

ಥಂಡರ್ ಬೇ, ಮಾರ್ಚ್ ಕೊನೆ.
ಸರೋವರ ಇನ್ನೂ ಹಲ್ಲು ಕಚ್ಚಿಕೊಂಡಿತ್ತು.
ಆರ್ನೆ ಲೆಹ್ತೊವಾರ, ವಯಸ್ಸು ಎಂಬತ್ತೊಂದು,
ಕಿಟಕಿ ಬಾಗಿಲಿನ ಕಾರ್ಖಾನೆ ಮುಚ್ಚಿದ ವರ್ಷ
ಸಂಬಳದ ಬಾಕಿಗೆ ಇದನ್ನು ಹೊರಿಸಿಕೊಂಡು ಬಂದವನು.
ಮನೆಗೆ ಬರುವುದು ಒಂದೇ ಫೇಸು, ಇದಕ್ಕೆ ಬೇಕು ಮೂರು.
ಇಪ್ಪತ್ತಾರು ವರ್ಷ, ಒಂದು ಸುತ್ತೂ ತಿರುಗಿಲ್ಲ.
"ಆಗ ಗೊತ್ತಿರಲಿಲ್ಲವೆ?"
"ಗೊತ್ತಿತ್ತು."

ಹಾಗಾದರೆ ಓಡಿಸಿ ನೋಡುವಂತಿಲ್ಲ.
ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವ ಕೆಲಸ;
ಕೊಂಬು ಕಾಣುತ್ತದೆ, ಬೆನ್ನು ಒಂದು ಗೇಣು ಕಾಣುತ್ತದೆ,
ಕೆಚ್ಚಲಿನ ಕತೆ ಕೆರೆಗೇ ಗೊತ್ತು.

ಮಂಡಿಯೂರಿ ಪೆಟ್ಟಿಗೆಯ ಬಾಗಿಲು ತೆಗೆದೆ.
ಹಳೇ ಪೈನ್ ಹೊಟ್ಟು, ಇನ್ನೂ ಸ್ವಲ್ಪ ಸಿಹಿ ವಾಸನೆ,
ಇಲಿಯ ಗೂಡೊಂದು, ಅದರಲ್ಲಿ ಯಾರದೋ ಸ್ವೆಟರಿನ ಕೆಂಪು ಎಳೆ.
ಟಾರ್ಚು ಹಿಡಿದು ಬೀಡಿನ ಕಮಾನು ನೋಡಿದೆ: ಬಿರುಕಿಲ್ಲ,
ಅಥವಾ ಗ್ರೀಸಿನ ಕೆಳಗಿದೆ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ ಒತ್ತಿ
ಇನ್ನೊಂದು ಕೈಯಿಂದ ಪುಲ್ಲಿ ತಿರುಗಿಸಿದೆ.
ಆಳದಲ್ಲೆಲ್ಲೋ ಸೊರ ಸೊರ,
ಚೆಲ್ಲಿದ ಸಕ್ಕರೆಯ ಮೇಲೆ ಚಪ್ಪಲಿಯಿಟ್ಟ ಹಾಗೆ.
ಒಣಗಿದ ಗ್ರೀಸೋ, ಸವೆದ ಗುಂಡೋ.
ಎರಡರ ನಡುವೆ ನೂರಿಪ್ಪತ್ತು ಡಾಲರ್.

ಮನಸ್ಸಿನಲ್ಲೇ ಕೂಡಿಸಿದೆ.
ಫೇಸು ಬದಲಿಸುವ ಡಬ್ಬಿ, ಮುನ್ನೂರು ಚಿಲ್ಲರೆ.
ಬೆಲ್ಟು ಮೂರು. ಅಲಗಿಗೆ ನಲವತ್ತು ಹಲ್ಲಿರಬೇಕು, ಮೂವತ್ತೇಳಿದೆ.
ಬೆರಳು ಕಾಯುವ ಗಾರ್ಡು ಇಲ್ಲವೇ ಇಲ್ಲ;
"ಮೊದಲ ವಾರವೇ ಕಿತ್ತು ಎಸೆದಿದ್ದೆವು" ಎಂದ,
ಹತ್ತೂ ಬೆರಳು ಚಾಚಿ,
"ಇದು ಅದೃಷ್ಟ, ಬುದ್ಧಿಯಲ್ಲ."
ಆಮೇಲೆ ಇನ್ನೂರು ಕಿಲೋ ಹೊರಲು ಮೈದುನರು,
ಅವರಿಗೆ ಬಿಯರು, ಅವರ ಬೆನ್ನುನೋವು,
ವರ್ಷವಿಡೀ ಅದರದೇ ಮಾತು.

ಗಾರ್ನೆಟ್ ಬೆಳಿಗ್ಗೆಯೇ ಕೇಳಿದ್ದ: ಕಾರು ಎಲ್ಲಿ ನಿಲ್ಲಬೇಕು?
ಹೊರಗೆ, ಎಂದಿದ್ದೆ.
ಮೈನಸ್ ಮೂವತ್ತರಲ್ಲಿ, ಎಂದಿದ್ದ.
ಅವನದೂ ಒಂದು ನ್ಯಾಯ.
ಆದರೆ ನನ್ನ ಈಗಿನ ಗರಗಸದಲ್ಲಿ
ಹಲಗೆ ಕೊನೆಗೆ ಬರುವಷ್ಟರಲ್ಲಿ ಗೈಡು ಕೂದಲೆಳೆ ಸರಿದಿರುತ್ತದೆ;
ಪ್ರತಿ ಡ್ರಾಯರೂ ಕೊನೆಯ ಬೆರಳಗಲಕ್ಕೆ ಹಟ ಹಿಡಿಯುತ್ತದೆ.
ಗಿರಾಕಿಗೆ ನಗುತ್ತ ಹೇಳುತ್ತೇನೆ, ಮರ ಅಲ್ಲವೆ, ಹಿಗ್ಗಿದೆ.
ಜನವರಿಯಲ್ಲಿ ಮರ ಹಿಗ್ಗುವುದಿಲ್ಲ.

ಕೊನೆಗೆ ಟಾರ್ಪಾಲು ಪೂರ್ತಿ ಸರಿಸಿದ.
ತುಕ್ಕಿಗೆಂದೇ ಐವತ್ತು ಇಳಿಸಲು ಮಾತು ಜೋಡಿಸಿಕೊಂಡಿದ್ದೆ.
ಒಂದು ಚುಕ್ಕೆಯಿಲ್ಲ.
ಟ್ಯೂಬ್‌ಲೈಟು ಅದರೊಳಗೆ ಉದ್ದಕ್ಕೆ ಮಲಗಿತ್ತು.
"ಮೇಣ," ಎಂದ. "ವರ್ಷಕ್ಕೊಮ್ಮೆ."
ತಿರುಗದ ಯಂತ್ರಕ್ಕೆ ಇಪ್ಪತ್ತಾರು ಸಲ! ಯಾಕೆ?
"ಅಕ್ಟೋಬರ್ ಬರುತ್ತದಲ್ಲ,"
ಕೇಳಿದ್ದೇ ವಿಚಿತ್ರವೆಂಬಂತೆ ನೋಡಿದ.

ಹಳಬರ ಪರೀಕ್ಷೆಯೊಂದಿದೆ: ಓಡುವ ಗರಗಸದ ಮೇಲೆ
ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುವುದು.
ಬೀಳದಿದ್ದರೆ ಕೊಳ್ಳಬಹುದು.
ಜೇಬಿನಿಂದ ಬೀವರ್ ಚಿತ್ರದ ಐದು ಸೆಂಟು ತೆಗೆದು ನಿಲ್ಲಿಸಿದೆ.
ನಿಂತಿತು.
ನಿಲ್ಲದೆ ಏನು, ಓಡದ ಕಬ್ಬಿಣದ ಮೇಲೆ ಯಾವುದು ತಾನೆ ಬಿದ್ದೀತು?
ಆದರೂ ಇಬ್ಬರೂ ಅದನ್ನೇ ನೋಡುತ್ತ ನಿಂತೆವು,
ಉಸಿರು ಹೊಗೆಯಾಗಿ ಬರುತ್ತಿತ್ತು.

"ಯೋಚಿಸಿ ಹೇಳುತ್ತೇನೆ."
"ಯೋಚಿಸು. ಅದಕ್ಕೇನೂ ಅವಸರವಿಲ್ಲ."

ದಾರಿಯಲ್ಲಿ ಮತ್ತೆ ಕೂಡಿಸಿದೆ:
ಸುಮಾರಾದ ಹೊಸದೊಂದಕ್ಕಿಂತ ನಲವತ್ತೇ ಡಾಲರ್ ಕಡಿಮೆ.
ಸಿಗ್ನಲಿನಲ್ಲಿ ಅಂಗೈ ಮೂಸಿದೆ. ಮೇಣ.
ಮನೆಗೆ ಬಂದು ಗ್ಯಾರೇಜಿನ ಪಕ್ಕದ ಬಾಗಿಲ ಅಗಲ ಅಳೆದೆ.
ಗಾರ್ನೆಟ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ.
ಇನ್ನೊಮ್ಮೆ ಅಳೆದೆ.
ನಾಣ್ಯ ಅಲ್ಲೇ ಬಿಟ್ಟು ಬಂದಿದ್ದೆ.