ಅರವತ್ತೊಂದನೇ ಪುಟ

ಗುರುವಾರ ಸಂಜೆ ಯಲ್ಲಾಲಿಂಗ
ಚೀಲದ ತಳದಿಂದ ಹೆಕ್ಕಿ ಆರು ಉಳ್ಳಾಗಡ್ಡಿ ತಂದ.
ಅವನಪ್ಪ ಸೊಲ್ಲಾಪುರದ ಅಡತಿಯಲ್ಲಿ ಹಮಾಲ;
ಬೆನ್ನಿಗೆ ಹತ್ತಿದ ವಾಸನೆ ಮಗನ ಅಂಗಿಗೂ ಇದೆ.
ದುಧನಿಯ ನಮ್ಮ ಶಾಲೆಯ ಕಿಟಕಿಯಲ್ಲಿ
ಆರು ಚಹಾ ಗ್ಲಾಸು, ಆರು ಗಡ್ಡೆ,
ಬುಡ ಮಾತ್ರ ನೀರಿಗೆ ತಾಕುವಂತೆ.

ರವಿವಾರ ಬೀಗ ತೆಗೆಸಿ ನೋಡಿದೆ.
ನಾಲ್ಕು ದಿನ ಕ್ಷೌರ ಕಾಣದ ಮುದುಕನ ಗದ್ದದಂತೆ
ಬೆಳ್ಳಗೆ ಬೇರು.
ಮಣ್ಣಿಲ್ಲ, ಹೇಳಿಕೊಟ್ಟವರಿಲ್ಲ.

ಸೋಮವಾರ, ಬಿಸಿಲು ಏರುವ ಮೊದಲು,
ಲಾಲಸಾಬ ಬ್ಲೇಡು ಹಿಡಿದ.
ತುದಿ, ಬರೀ ತುದಿ, ಜೋಳದ ನುಚ್ಚಿನಷ್ಟು.
ಬೆಳೆಯುವುದು ಅಲ್ಲೇ; ಮೇಲಿನದೆಲ್ಲ ಬೆಳೆದಾಗಿದೆ.
ಆಮ್ಲದಲ್ಲಿ ಬೆಚ್ಚಗೆ ಅದ್ದಿ, ಕೆಂಪು ಬಣ್ಣ ಕುಡಿಸಿ,
ಗಾಜಿನ ಮೇಲೆ ಗಾಜಿಟ್ಟು
ಸಾಲದ ಪತ್ರಕ್ಕೆ ಒತ್ತುವ ಹಾಗೆ
ಹೆಬ್ಬೆಟ್ಟು ಒತ್ತಿದ.

ಒಂದೇ ಸೂಕ್ಷ್ಮದರ್ಶಕ. ನಲವತ್ತೊಂದು ಮಕ್ಕಳು.
ಒಂದೇ ಕಣ್ಣು ಮುಚ್ಚಲು ಬಾರದ ಕಸ್ತೂರಿಗೆ
ನನ್ನ ಅಂಗೈ ಅಡ್ಡ ಹಿಡಿದೆ.
"ಏನ್ ಕಾಣತದ?"
"ಓಣಿ ರೀ. ಮನಿ ಮನಿ. ಒಂದರಾಗ ಜಗಳ ನಡದದ."

ಜಗಳವಲ್ಲ ಕಸ್ತೂರಿ, ಪಾಲು.
ಅದಕ್ಕೂ ಮೊದಲು, ಬಹಳ ಹೊತ್ತು, ಏನೂ ಕಾಣದ ಹೊತ್ತು,
ಕೋಶ ಉಣ್ಣುತ್ತದೆ, ಉಬ್ಬುತ್ತದೆ,
ಒಳಗೆ ಕೂತು ತನ್ನ ಪುಸ್ತಕವನ್ನೇ ನಕಲು ಮಾಡುತ್ತದೆ:
ಜೋಡಿ ಎಳೆ ಬಿಚ್ಚಿ, ಹಳೆಯದೊಂದರ ಎದುರು
ಹೊಸದೊಂದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ.
ಪೂರಾ ಹೊಸದು ಯಾರ ಪಾಲಿಗೂ ಬರುವುದಿಲ್ಲ,
ಪೂರಾ ಹಳೆಯದೂ.

ನಕಲು ನನಗೆ ಗೊತ್ತು.
ನಾನು ಒಂಬತ್ತನೇ ಇಯತ್ತೆಯಲ್ಲಿದ್ದ ವರ್ಷ
ಕನ್ನಡ ಪುಸ್ತಕದ ಗಾಡಿ ಬರಲೇ ಇಲ್ಲ.
ಇಡೀ ವರ್ಗಕ್ಕೆ ಒಂದು ಪ್ರತಿ, ಅದೂ ನೀಲಾಂಬಿಕೆಯದು.
ಕಂದೀಲಿನ ಕೆಳಗೆ ಬರೆದೆ, ಚಿತ್ರ ಸಮೇತ.
ಅರವತ್ತೊಂದನೇ ಪುಟದಲ್ಲಿ ಕೈ ಸೋತು
"ಎಳೆ" ಇದ್ದಲ್ಲಿ "ಎಲೆ" ಬಿತ್ತು.
ನನ್ನ ವಹಿ ನೋಡಿ ಬರೆದವರು ಮೂವರು;
ಅವರದನ್ನು ನೋಡಿ ಮತ್ತಾರೋ.
ಪರೀಕ್ಷೆಯಲ್ಲಿ ಒಂಬತ್ತು ಮಂದಿಯ ಕೋಶದೊಳಗೆ
ಎಲೆಗಳು ಎರಡಾದವು.
ಗುರುಗಳು ವಹಿಯಿಂದ ವಹಿಗೆ ಹಿಂದೆ ಹಿಂದೆ ನಡೆದು
ನನ್ನ ಬೆಂಚಿಗೆ ಬಂದು ನಿಂತರು.
ಹೊಡೆಯಲಿಲ್ಲ.
"ಕೋಶಕ್ಕೂ ತಪ್ಪತದವ್ವ.
ಆದರ ಅದು ಬರದ ಮ್ಯಾಲ ಒಮ್ಮೆ ತಿರುಗಿ ಓದತದ."

ಈ ಗಾಜಿನ ಕೆಳಗೆ ಏನೂ ನಡೆಯುತ್ತಿಲ್ಲ, ನಿಜ ಹೇಳಬೇಕೆಂದರೆ.
ಬಣ್ಣ ಹತ್ತುವ ಮೊದಲೇ ಎಲ್ಲ ನಿಂತಿದೆ.
ಒಬ್ಬಳು ನೂಲು ಸುತ್ತುತ್ತ,
ಒಬ್ಬಳು ಹದಿನಾರು ಜೋಡಿಯನ್ನು ನಡುಮನೆಯಲ್ಲಿ ಸಾಲಿಗೆ ತರುತ್ತ,
ಒಬ್ಬಳು ಎರಡೂ ಕಡೆಗೆ ಜಗ್ಗುತ್ತ.
ಸತ್ತವರನ್ನು ಸಾಲಾಗಿಸಿ
ಬದುಕಿದ್ದು ಹೇಗೆಂದು ಓದಿಸುವ ಕೆಲಸ ನನ್ನದು.

ಕೊನೆಗೆ ಗೋಡೆ.
ಅದು ಅಂಚಿನಿಂದ ಬರುವುದಿಲ್ಲ,
ನಡುವೆ ಎದ್ದು ಅಂಚಿಗೆ ಹೋಗಿ ಮುಟ್ಟುತ್ತದೆ.
ನಮ್ಮೂರಿನ ಆಚೆ, ತೊಗರಿ ಹೊಲದ ನಡುವೆ
ಒಂದು ಗಡಿಕಲ್ಲಿದೆ; ಮಕ್ಕಳು ಅದರ ಮೇಲೆ ಕೂತು ಊಟ ಬಿಚ್ಚುತ್ತಾರೆ.
ಕೋಶ ಕಟ್ಟುವಾಗಲೇ ಸಣ್ಣ ಕಿಂಡಿ ಬಿಡುತ್ತದೆ,
ಆಚೆಯವಳಿಗೆ ಸಕ್ಕರೆ ದಾಟಿಸಲು, ಸುದ್ದಿ ದಾಟಿಸಲು.

"ಇದರಾಗ ಅವ್ವ ಯಾವದು ರೀ?"
ಯಲ್ಲಾಲಿಂಗನ ಪ್ರಶ್ನೆ.
ಪಠ್ಯದಲ್ಲಿ ಇಬ್ಬರೂ ಮಗಳಂದಿರು.
"ಆಕೆ ಸತ್ತಿಲ್ಲ. ಉಳಿದೂ ಇಲ್ಲ," ಎಂದೆ.
ಅವನಿಗೆ ಒಪ್ಪಿಗೆಯಾಗಲಿಲ್ಲ.
ನನಗೂ, ಪೂರಾ ಅಲ್ಲ.

ಬೇರು ಹೋದ ಗಡ್ಡೆಗಳನ್ನು ಲಾಲಸಾಬ
ಮಧ್ಯಾಹ್ನ ಮುಷ್ಟಿಯಿಂದ ಗುದ್ದಿ ಒಡೆದ.
ರೊಟ್ಟಿ, ಹಿಂಡಿ, ಐದು ಉಳ್ಳಾಗಡ್ಡಿ, ಹನ್ನೆರಡು ಕೈ.

ಆರನೆಯದು ಮರೆತೇ ಹೋಗಿತ್ತು.
ದೀಪಾವಳಿ ಸೂಟಿ ಮುಗಿಸಿ ಬಾಗಿಲು ತೆರೆದರೆ
ಗ್ಲಾಸಿನ ನೀರು ತಳ ಹಿಡಿದಿದೆ,
ಗಡ್ಡೆ ಸುಕ್ಕಾಗಿದೆ,
ಅದರ ನೆತ್ತಿ ನೋಡಿ ಯಲ್ಲಾಲಿಂಗ ಕೂಗಿದ:
"ಟೀಚರ್ರೀ, ಎಲಿ!"

ಹೌದು ಅಂದೆ.
ತಿದ್ದಲಿಲ್ಲ.